ಪಟ್ಟಿಯಮ್ಮನನ್ನು ಮಣ್ಣು ಮಾಡಿದ ದಿನ

ಮಗಳು ಬಿಳಿ ಹಾಸಿನ ಮೇಲೆ ನೀರು ಚಿಮುಕಿಸಿ ಇಸ್ತ್ರಿಪೆಟ್ಟಿಗೆಯನ್ನು ಅಂಚಿನವರೆಗೂ ಒತ್ತಿಕೊಂಡು ಹೋದಳು. ಅಮ್ಮನ ಶವಪೆಟ್ಟಿಗೆಯೊಳಗೆ ಹಾಸಬೇಕಾದ ಬಟ್ಟೆ ಅದು. ನಲವತ್ತು ವರ್ಷ ಇಡೀ ಬೀದಿಯ ಬಟ್ಟೆಗೆ ಇಸ್ತ್ರಿ ಮಾಡಿದವಳನ್ನು ಸುಕ್ಕಿನ ಮೇಲೆ ಮಲಗಿಸಲು ಅವಳಿಗೆ ಮನಸ್ಸಿರಲಿಲ್ಲ.

"ಮೂರು ಗಂಟೆಗೆ ಅಂತ ಎಲ್ಲರಿಗೂ ಹೇಳಿಯಾಗಿದೆಯಮ್ಮ." ಅಂಗಡಿಯ ಬಾಗಿಲಲ್ಲಿ ನಿಂತು ಹೇಳಿದವರು ಗಡಿಯಾರ ರಿಪೇರಿಯವರು, ಚರ್ಚಿನ ಹಿರಿಯರು. ಅವರ ಪಕ್ಕದಲ್ಲಿ ಪಾದ್ರಿಗಳು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತಿದ್ದರು.

"ಒಂದು ಗಂಟೆಗೇ ಮಾಡಿಬಿಡೋಣ ಮಾವ. ಮೂರಕ್ಕೆ ಶುರುವಾದ್ರೆ ಮುಗಿಯೋದು ಐದಕ್ಕೆ. ಐದಕ್ಕೆ ಶಾಲೆಯ ಮತಗಟ್ಟೆ ಬಾಗಿಲು ಹಾಕ್ತಾರೆ."

"ಸಾವಿನ ಮನೇಲಿ ಮತದ ಮಾತಾ? ಬೆಳಿಗ್ಗೆಯಿಂದ ನಮ್ಮ ಬೀದಿಯವರು ಒಬ್ಬರೂ ಆ ಕಡೆ ತಲೆ ಹಾಕಿಲ್ಲ. ನಿಮ್ಮಮ್ಮನ ಮೇಲಿನ ಗೌರವಕ್ಕೆ."

"ಅದೇ ನನ್ನ ಹೊಟ್ಟೆ ಉರಿಸ್ತಿರೋದು," ಎಂದಳು ಮಗಳು. ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಪಾದ್ರಿಗಳ ಕಡೆ ನೋಡಿದಳು. "ಅಯ್ಯನವರೇ, ನೀವು ಹೇಳಿ."

ಪಾದ್ರಿಗಳು ಟೋಪಿಯನ್ನು ತಲೆಗಿಟ್ಟುಕೊಂಡರು. ಆಮೇಲೆ, "ಒಂದು ಗಂಟೆಗೆ ಬರ್ತೀನಿ," ಎಂದಷ್ಟೇ ಹೇಳಿ ಮೆಟ್ಟಿಲಿಳಿದರು.

*

ಮೂವತ್ತೆರಡು ವರ್ಷದ ಹಿಂದೆ ಆ ಬೀದಿಗೆ ಕೊಳಾಯಿ ಇರಲಿಲ್ಲ. ಕಾಲುವೆ ಪಕ್ಕದ ಬಾವಿಯೇ ಗತಿ. ಒಂದು ಬೇಸಿಗೆಯಲ್ಲಿ ಬಾವಿಗೆ ಚರಂಡಿ ನೀರು ಸೇರಿತು. ಆರು ಮಕ್ಕಳು ಜ್ವರದಲ್ಲಿ ಮಲಗಿದವು. ಐದು ಎದ್ದವು. ಏಳದೆ ಹೋದದ್ದು ಇಸ್ತ್ರಿ ಅಂಗಡಿಯವಳ ನಾಲ್ಕು ವರ್ಷದ ಕಿರಿಯ ಮಗಳು.

ಅವಳು ನಗರಸಭೆಗೆ ಹೋದಳು. ಅಲ್ಲಿನ ಗುಮಾಸ್ತ ಕೆಟ್ಟವನೇನಲ್ಲ. ಕುರ್ಚಿ ಕೊಟ್ಟ, ಮತದಾರರ ಪಟ್ಟಿ ತೆಗೆದು ಅವಳ ಮುಂದಿಟ್ಟ. "ನೋಡಮ್ಮ, ನಿಮ್ಮ ಬೀದಿಯಲ್ಲಿ ಇರೋದು ಏಳು ಹೆಸರು. ಸೇತುವೆ ಆಚೆ ಒಂಬೈನೂರು. ಇರೋದು ಒಂದೇ ಪೈಪು. ಯಾವ ಕಡೆ ತಿರುಗುತ್ತೆ, ನೀನೇ ಹೇಳು."

ಏಳೇ ಹೆಸರು ಇದ್ದದ್ದು ಯಾರ ಮೋಸದಿಂದಲೂ ಅಲ್ಲ. ಬೀದಿ ತುಂಬ ಚರ್ಚಿನವರು. ರಾಜಕೀಯ ಕೊಳಕು, ಭಕ್ತರಿಗೆ ಅದು ಬೇಡ ಎಂದು ಅವರೇ ದೂರ ಉಳಿದಿದ್ದರು. ಆ ಭಾನುವಾರವೂ ಪಾದ್ರಿಗಳು, ಆಗಿನ್ನೂ ಮೂವತ್ತು ದಾಟದವರು, ಅದನ್ನೇ ಹೇಳಿದರು. "ನಮ್ಮ ಊರು ಮೇಲಿದೆ. ಇಲ್ಲಿ ನಾವು ದಾರಿಹೋಕರು."

ಇಸ್ತ್ರಿ ಅಂಗಡಿಯವಳು ಬೆಂಚಿನಿಂದ ಎದ್ದು ನಿಂತಳು. ಆ ಚರ್ಚಿನಲ್ಲಿ ಉಪದೇಶದ ನಡುವೆ ಯಾರೂ ಎದ್ದವರಲ್ಲ.

"ನನ್ನ ಮಗಳು ಮೇಲಿನ ಊರಿಗೆ ಹೋದ್ಲು, ಅಯ್ಯನವರೇ. ನಂಬ್ತೀನಿ. ಆದ್ರೆ ಇಷ್ಟು ಬೇಗ ಅವಳನ್ನ ಕಳಿಸಿದ್ದು ಕೆಳಗಿನ ಊರಿನ ನೀರು. ಆಳೋರಿಗಾಗಿ ವಾರವಾರ ಪ್ರಾರ್ಥನೆ ಮಾಡ್ತೀವಿ. ಅವರನ್ನ ಆರಿಸೋ ಕೆಲಸ ಮಾತ್ರ ಯಾಕೆ ಪಕ್ಕದ ಬೀದಿಯವರಿಗೆ ಬಿಟ್ಟಿದ್ದೀವಿ?"

ಪಾದ್ರಿಗಳು ಕಣ್ಣು ಮುಚ್ಚಿ ಕೈ ಮೇಲೆತ್ತಿದರು. ಪ್ರಾರ್ಥನೆ ಮಾಡೋಣ ಎಂದರು.

*

ಹನ್ನೊಂದಕ್ಕೆಲ್ಲ ಮನೆ ತುಂಬಿತ್ತು. ಜಾಗ ಸಾಲದೆ ಕೆಲವರು ಅಂಗಡಿಯಲ್ಲಿ ಇಸ್ತ್ರಿಮೇಜಿಗೆ ಒರಗಿ ನಿಂತಿದ್ದರು. ಬೀದಿಗೆ ಹೊಸದಾಗಿ ಬಂದ ನರ್ಸ್ ಕೇಳಿದಳು:

"ಇವರನ್ನ ಪಟ್ಟಿಯಮ್ಮ ಅಂತ ಯಾಕೆ ಕರೀತಿದ್ರಿ?"

"ಪಟ್ಟಿ ಹಿಡ್ಕೊಂಡು ಮನೆಮನೆ ತಿರುಗ್ತಿದ್ಲು, ಅದಕ್ಕೆ," ಎಂದ ಬ್ರೆಡ್ ಮಾಡುವವನು. "ಪಟ್ಟಿಯಮ್ಮ ಅಲ್ಲ ಅವಳು, ಪಟ್ಟಿನಮ್ಮ. ಹಿಡಿದ ಪಟ್ಟು ಬಿಟ್ಟೋಳೇ ಅಲ್ಲ. ಇಸ್ತ್ರಿ ಮಾಡಿದ ಬಟ್ಟೆ ಕೊಡೋಕೆ ಬರೋಳು, ಮಡಿಕೆ ಒಳಗಿಂದ ಪಟ್ಟಿಗೆ ಹೆಸರು ಸೇರಿಸೋ ಅರ್ಜಿ ಈಚೆ ಬರೋದು. ಯಾರು ಗೆದ್ರೂ ನಾನು ಹಿಟ್ಟು ನಾದೋದು ತಪ್ಪುತ್ತಾ ಅಂತ ಕೇಳಿದೆ ಒಂದ್ಸಲ."

"ಏನಂದ್ರು?"

"ತಪ್ಪೋದಿಲ್ಲ. ಆದ್ರೆ ಯಾವ ನೀರಲ್ಲಿ ನಾದ್ತೀಯ ಅನ್ನೋದು ಇದೆಯಲ್ಲ, ಅಂದ್ಲು." ಅವನು ಮೂಗೊರೆಸಿಕೊಂಡ. "ಅಲ್ಲೇ ಸಹಿ ಹಾಕಿದೆ."

"ಯಾರಿಗೆ ಹಾಕಬೇಕು ಅಂತಾನೂ ಹೇಳ್ತಿದ್ರಾ?"

"ಒಂದು ದಿನವೂ ಇಲ್ಲ. ಅದನ್ನ ನೀನೂ ನಿನ್ನ ದೇವರೂ ಕೂತು ಮಾತಾಡ್ಕೊಳ್ಳಿ ಅನ್ನೋಳು."

ನರ್ಸ್ ಶವಪೆಟ್ಟಿಗೆಯ ಕಡೆ ನೋಡಿದಳು. ಅವಳು ಕೆಲಸ ಮಾಡುವ ಬೀದಿಯ ಆರೋಗ್ಯ ಕೇಂದ್ರವನ್ನು ಮುಚ್ಚಬೇಕೋ ಉಳಿಸಬೇಕೋ ಎಂಬುದೇ ಈ ಸಲದ ಚುನಾವಣೆಯ ಜಗಳ.

"ಹಾಗಾದ್ರೆ ನೀವೆಲ್ಲ ಇನ್ನೂ ಇಲ್ಲೇ ಯಾಕೆ ಕೂತಿದ್ದೀರಿ?" ಎಂದಳು.

ಗಡಿಯಾರ ರಿಪೇರಿಯವರು ನೆಲ ನೋಡಿದರು.

*

ಏಳು ಹೆಸರು ಇನ್ನೂರ ಹನ್ನೆರಡಾಗಲು ಐದು ವರ್ಷ ಹಿಡಿಯಿತು. ಅದಾದ ಮೇಲೆ ಮತ ಕೇಳುವವರು ಸೇತುವೆ ದಾಟಿ ಬರತೊಡಗಿದರು. ಬಂದವರಿಗೆಲ್ಲ ಅವಳು ಬಾವಿಯ ನೀರನ್ನೇ ಲೋಟಕ್ಕೆ ಹಾಕಿ ಕೊಡುತ್ತಿದ್ದಳು. ಕುಡಿಯಿರಿ ಎನ್ನುತ್ತಿರಲಿಲ್ಲ. ಕೊಟ್ಟು ಕಾಯುತ್ತಿದ್ದಳು. ಅವರು ಲೋಟವನ್ನು ಕೈಯಲ್ಲಿ ಹಿಡಿದುಕೊಂಡು, ಎಲ್ಲಿಡುವುದೆಂದು ತಿಳಿಯದೆ ಚಡಪಡಿಸುತ್ತಿದ್ದರು.

ಆರನೆಯ ವರ್ಷ ಕೊಳಾಯಿ ಬಂತು. ಮೊದಲ ಬಿಂದಿಗೆಯನ್ನು ಅವಳು ಮನೆಗೆ ಒಯ್ಯಲಿಲ್ಲ. ಆ ವಾರ ದೀಕ್ಷಾಸ್ನಾನಕ್ಕಿದ್ದ ಮಗುವೊಂದಕ್ಕೆಂದು ಚರ್ಚಿಗೆ ಹೊತ್ತು ತಂದು ಪಾದ್ರಿಗಳ ಮುಂದಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡು ಹೋದಳು.

ಮುಂದೆ ಅವಳ ಕಾಟ ತಾಳಲಾರದೆ ಪಾದ್ರಿಗಳೂ ಅರ್ಜಿಗೆ ಸಹಿ ಹಾಕಿದರು. ಆದರೆ ಮತಗಟ್ಟೆಯ ಮೆಟ್ಟಿಲು ಮಾತ್ರ ಹತ್ತಿರಲಿಲ್ಲ. ಅವಳೂ ಪ್ರತಿ ಚುನಾವಣೆಯ ಸಂಜೆ ಕೇಳುವುದನ್ನು ಬಿಟ್ಟಿರಲಿಲ್ಲ. "ಹೋಗಿದ್ರಾ?" ಇಲ್ಲವೆಂದರೆ, "ಇರಲಿ, ಇನ್ನೊಂದು ಬರುತ್ತೆ."

*

ಒಂದಕ್ಕೆ ಸರಿಯಾಗಿ ಪೆಟ್ಟಿಗೆ ಎತ್ತಿದರು. ಕಾಲುವೆಯ ಪಕ್ಕದ ಸಮಾಧಿ ಜಾಗ ಜವುಗು. ಕೆಂಪು ಮಣ್ಣು ಪಾದರಕ್ಷೆಗೆ ಮೆತ್ತಿಕೊಂಡು ಹೆಜ್ಜೆ ಹೆಜ್ಜೆಗೂ ಭಾರವಾಗುತ್ತಿತ್ತು. ತಂಗಿಯ ಸಣ್ಣ ಸಮಾಧಿಯ ಪಕ್ಕದಲ್ಲೇ ಗುಂಡಿ ತೋಡಿದ್ದರು. ಹಗ್ಗ ಇಳಿಯಿತು. ಮಗಳು ಮೊದಲ ಹಿಡಿ ಮಣ್ಣು ಹಾಕಿದಳು. ಅಳಲಿಲ್ಲ. ತುಟಿ ಕಚ್ಚಿಕೊಂಡು ನಿಂತಳು.

ಕೊನೆಯ ಪ್ರಾರ್ಥನೆ ಮುಗಿಯಿತು. ಈಗ ಪಾದ್ರಿಗಳು ಸಮಾಧಾನದಿಂದ ಮನೆಗೆ ಹೋಗಿ ಎನ್ನಬೇಕಿತ್ತು. ಅವರು ಪುಸ್ತಕ ಮುಚ್ಚಿದರು.

"ಈಕೆ ನನ್ನನ್ನ ಒಂದು ಪ್ರಶ್ನೆ ಕೇಳಿದ್ಲು, ಮೂವತ್ತೆರಡು ವರ್ಷದ ಹಿಂದೆ. ಆವತ್ತು ಪ್ರಾರ್ಥನೆ ಅಂತ ಹೇಳಿ ತಪ್ಪಿಸಿಕೊಂಡೆ." ಅವರು ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡರು. "ಪ್ರಾರ್ಥನೆ ಆಯ್ತಲ್ಲ. ಇನ್ನು ನಾನು ಶಾಲೆ ಕಡೆ ಹೋಗ್ತಿದ್ದೀನಿ. ಬರೋರು ಬನ್ನಿ."

"ಈ ಅವತಾರದಲ್ಲಾ?" ಗಡಿಯಾರ ರಿಪೇರಿಯವರು ತಮ್ಮ ಕಾಲು ನೋಡಿಕೊಂಡರು. "ಮನೆಗೆ ಹೋಗಿ ಬಟ್ಟೆಯಾದ್ರೂ ಬದಲಿಸಿ..."

"ಟೈಮ್ ಎಷ್ಟಾಯ್ತು ಮಾವ?" ಎಂದಳು ಮಗಳು.

ಅವರು ಜೇಬಿನಿಂದ ಗಡಿಯಾರ ತೆಗೆದರು. "ಮೂರೂವರೆ." ಮುಚ್ಚಳ ಹಾಕಿದರು. "ನಡೀರಿ, ನಡೀರಿ. ಇಲ್ಲಿಂದ ಮುಕ್ಕಾಲು ಗಂಟೆ ದಾರಿ."

ಸೇತುವೆಯ ಮೇಲೆ ಬಿಳಿ ಬಟ್ಟೆ ತೊಟ್ಟವರ ಸಾಲು ಹೊರಟಿತು. ಮುದುಕಿಯರಿಬ್ಬರನ್ನು ಬ್ರೆಡ್ ಮಾಡುವವನು ತನ್ನ ಕೈಗಾಡಿಯಲ್ಲಿ ಕೂರಿಸಿಕೊಂಡ. "ಮೆಲ್ಲಗೆ ತಳ್ಳೋ, ಮೂಳೆ ಉದುರ್ತವೆ," ಎಂದು ಒಬ್ಬಳು ಗದರಿದಳು. ಇನ್ನೊಬ್ಬಳು, "ಉದುರಿದ್ರೆ ಆರಿಸ್ಕೊಳ್ಳೋಣ, ಜೋರಾಗಿ ತಳ್ಳು," ಎಂದಳು.

ಶಾಲೆಯ ಕೋಣೆಯಲ್ಲಿ ಮತಗಟ್ಟೆಯ ಅಧಿಕಾರಿಣಿ ತಲೆಯೆತ್ತಿದಾಗ ಎದುರಿಗೆ ಮುಪ್ಪಾದ ಪಾದ್ರಿಯೊಬ್ಬರು ನಿಂತಿದ್ದರು, ಕಾಲ ಗಿಣ್ಣಿನವರೆಗೂ ಮಣ್ಣು.

"ಮೊದಲ ಸಲ ಬಂದಿದ್ದೀನಮ್ಮ," ಎಂದರು ಅವರು. "ಹೇಗೆ ಮಾಡಬೇಕು, ಸ್ವಲ್ಪ ಹೇಳಿಕೊಡಿ."

ಆಕೆ ಹೇಳಿಕೊಟ್ಟಳು. ಅವರು ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ಮರೆಯ ಹಿಂದೆ ಹೋದರು. ಬಹಳ ಹೊತ್ತು ಅಲ್ಲೇ ಇದ್ದರು. ಅವರ ಹಿಂದೆ ಮಗಳು, ಅವಳ ಹಿಂದೆ ಗಡಿಯಾರ ರಿಪೇರಿಯವರು. ಸಾಲು ಬಾಗಿಲು ದಾಟಿ ಅಂಗಳದವರೆಗೂ ಇತ್ತು.

ಶಾಲೆಯ ಆಯಾ ಒರೆಸುವ ಬಟ್ಟೆ, ಬಕೆಟ್ಟು ಹಿಡಿದು ಬಂದಳು. ತೊಳೆದಿಟ್ಟಿದ್ದ ನೆಲದ ಮೇಲೆ ಬಾಗಿಲಿನಿಂದ ಮತಪೆಟ್ಟಿಗೆಯವರೆಗೆ ಕೆಂಪು ಹೆಜ್ಜೆಗಳು ಒಂದರ ಮೇಲೊಂದು ಬಿದ್ದು ದಾರಿಯೇ ಆಗಿಹೋಗಿತ್ತು.

"ಐದು ಗಂಟೆಯವರೆಗೂ ಇರಲಿ ಬಿಡಿ," ಎಂದಳು ಅಧಿಕಾರಿಣಿ.

ಆಯಾ ಬಕೆಟ್ಟನ್ನು ಗೋಡೆ ಪಕ್ಕಕ್ಕಿಟ್ಟು ನಿಂತಳು. ಕೈಗಾಡಿಯಿಂದ ಇಳಿದ ಮುದುಕಿ, ಹೊಸ್ತಿಲ ಬಳಿ ಒಂದು ಕ್ಷಣ ತಡೆದು, ಆ ಹೆಜ್ಜೆಗಳ ಮೇಲೇ ಕಾಲಿಡುತ್ತ ಒಳಗೆ ಬಂದಳು.