ಒಂಬತ್ತನೆಯ ಭಾಗದ ಕೇಳುಗರು

ನಾನು ಒಂಬತ್ತನೆಯ ಭಾಗವನ್ನು ಕೇಳಿರಲಿಲ್ಲ.

ನನ್ನ ಗುರು ಖಲ್ಫೂನರು ಕೈರವಾನಿನ ನ್ಯಾಯಶಾಸ್ತ್ರಿ. ಗೋಡೆ, ಚರಂಡಿ, ಕಿಟಕಿ, ಬಾವಿ ಎಂದು ನೆರೆಹೊರೆಯವರು ಆಡುವ ಜಗಳಗಳ ಮೇಲೆ ಇಪ್ಪತ್ತು ವರ್ಷ ಕೂತು ಹದಿನಾಲ್ಕು ಭಾಗಗಳ ಗ್ರಂಥ ಬರೆದರು. ತಾವು ಮಾತ್ರ ಬಾಡಿಗೆ ಮನೆಯಲ್ಲಿ ಬಾರ್ಲಿ ರೊಟ್ಟಿಯನ್ನು ಆಲಿವ್ ಎಣ್ಣೆಯಲ್ಲಿ ಅದ್ದಿ ತಿಂದುಕೊಂಡಿದ್ದರು. ಅಮೀರ ಕರೆಸಿ ನ್ಯಾಯ ಹೇಳುವ ಕಾಜಿಯ ಪದವಿ ಕೊಡಲು ಹೊರಟಾಗ ಕಿವುಡರಂತೆ ನಟಿಸಿ ತಪ್ಪಿಸಿಕೊಂಡರು.

ನಮ್ಮಲ್ಲಿ ಗ್ರಂಥ ಕೈಯಲ್ಲಿದ್ದರೆ ಸಾಲದು. ಗುರುವಿನ ಎದುರು ಅದನ್ನು ಓದುವಾಗ ಕೂತು ಕೇಳಿರಬೇಕು. ಕೇಳಿದವನೇ ಮುಂದಿನವರಿಗೆ ಹೇಳಬಹುದು. ಅದಕ್ಕಾಗಿ ಪ್ರತಿ ಭಾಗದ ಕೊನೆಗೆ ಆ ದಿನ ಕೂತವರ ಹೆಸರು ಬರೆದು ಗುರುವಿನ ರುಜು ಪಡೆಯುತ್ತಾರೆ. ತೂಕಡಿಸಿದವನ ಹೆಸರಿನ ಮುಂದೆ ತೂಕಡಿಸಿದನೆಂದೂ ಬರೆಯುತ್ತಾರೆ. ನಮ್ಮ ಪಾಠದಲ್ಲಿ ಆ ಪಟ್ಟಿ ಬರೆಯುವವನು ನಾನೇ.

ಒಂಬತ್ತನೆಯ ಭಾಗ ಓದಿದ ದಿನ ನಾನು ಹಮಾಮಿನಲ್ಲಿ, ಊರ ಸ್ನಾನದ ಮನೆಯಲ್ಲಿ, ಮೈ ತಿಕ್ಕಿಸಿಕೊಳ್ಳುತ್ತ ಮಲಗಿದ್ದೆ. ಮಾರನೆಯ ದಿನ ನನ್ನ ಮದುವೆ. ಸಂಜೆ ಯಾರು ಯಾರು ಬಂದಿದ್ದರೆಂದು ವಿಚಾರಿಸಿ ಆರು ಹೆಸರು ಬರೆದೆ. ಏಳನೆಯದಾಗಿ ನನ್ನದನ್ನೂ ಬರೆದೆ. ಗುರುಗಳು ಓದದೆ ರುಜು ಹಾಕಿದರು, ನನ್ನ ಮೇಲೆ ಅಷ್ಟು ನಂಬಿಕೆ. ಆಮೇಲೆ ಆ ಭಾಗವನ್ನು ಪುಸ್ತಕದ ಅಂಗಡಿಯ ಹಳೆಯ ಪ್ರತಿಯಿಂದ ನಕಲು ಮಾಡಿಕೊಂಡೆ.

ಆ ಚಳಿಗಾಲದಲ್ಲೇ ಗುರುಗಳು ತೀರಿಕೊಂಡರು. ಆರು ಜನರಲ್ಲಿ ಇಬ್ಬರು ಹಜ್‌ಗೆ ಹೋದವರು ಬರಲಿಲ್ಲ. ಉಳಿದವರನ್ನು ಒಂದೊಂದು ಪಿಡುಗು ಒಯ್ದಿತು. ನಲವತ್ತು ವರ್ಷ ಕಳೆಯುವಷ್ಟರಲ್ಲಿ ಆ ಗ್ರಂಥ ಹೇಳಬಲ್ಲವನು ನಾನೊಬ್ಬನೇ ಉಳಿದಿದ್ದೆ. ಕಾಜಿ ನನ್ನ ಅಭಿಪ್ರಾಯ ತರಿಸಿಕೊಂಡೇ ತೀರ್ಪು ಬರೆಯುತ್ತಿದ್ದರು. ನನಗೆ ಅದು ರೂಢಿಯಾಗಿತ್ತು, ಹಿತವಾಗಿಯೂ ಇತ್ತು.

ಈ ವಸಂತದಲ್ಲಿ ಸಮಜೂನ್ ಎಂಬ ವಿದ್ಯಾರ್ಥಿ ಫಾಸ್ ನಗರದಿಂದ ನಡೆದು ಬಂದಿದ್ದ. ಒಂದು ದಿನ ಮಸೀದಿಯಲ್ಲಿ ಮಧ್ಯಾಹ್ನದ ನಮಾಜು ಮುಗಿದ ಮೇಲೆ ಅವನು ಒಂಬತ್ತನೆಯ ಭಾಗ ಓದುತ್ತಿದ್ದ: ಬಾವಿಯ ಪಾಲುದಾರ ಹತ್ತು ವರ್ಷ ಊರು ಬಿಟ್ಟಿದ್ದರೆ ಅವನ ಪಾಲು ನೆರೆಯವನಿಗೆ ಸೇರುತ್ತದೆ.

"ಅಲ್ಲೇ ನಿಲ್ಸಪ್ಪ," ಎಂದಳು ಕಂಬದ ಬಳಿ ಬಂದು ಕೂತಿದ್ದ ಹೆಂಗಸು.

"ಯಾರಮ್ಮ ನೀವು?" ಎಂದೆ.

"ಗುರುತು ಸಿಗಲಿಲ್ವಾ ಹಮ್ದೀಸಣ್ಣ? ನಮ್ಮನೆ ಅಂಜೂರ ಕಿತ್ತು ತಿನ್ನುವಾಗ ಚೆನ್ನಾಗಿ ಗೊತ್ತಿತ್ತಲ್ಲ."

ಗುರುಗಳ ಮಗಳು ಮಹರಿಯಾ. ಸೂಸಾಕ್ಕೆ ಮದುವೆಯಾಗಿ ಹೋದವಳು ಗಂಡ ಸತ್ತ ಮೇಲೆ ಹಿಂತಿರುಗಿದ್ದಳು. ತಾಯಿಯಿಂದ ಬಂದಿದ್ದ ಅವಳ ಬಾವಿಯ ಪಾಲನ್ನು ಕಾಜಿ ಹಿಂದಿನ ವಾರ ನೆರೆಯವನಿಗೆ ಕೊಟ್ಟಿದ್ದರು, ನನ್ನ ಅಭಿಪ್ರಾಯದ ಮೇಲೆ. ನನ್ನ ಮುಂದೆ ಬಂದ ಪ್ರಶ್ನೆಯಲ್ಲಿ ಹೆಸರಿರಲಿಲ್ಲ. ಅಂಥ ಪ್ರಶ್ನೆಗಳಲ್ಲಿ ಯಾರ ಹೆಸರೂ ಇರುವುದಿಲ್ಲ.

"ಅಪ್ಪನ ಮಾತಿಂದ್ಲೇ ನನ್ನ ಬಾವಿ ಹೋಯ್ತಂತೆ. ಅಪ್ಪ ಆ ಮಾತನ್ನ ಓದಿಸ್ತಿರುವಾಗಲೇ ವಾಪಸ್ ತಗೊಂಡ್ರು. 'ತಪ್ಪು ಬರ್ದಿದ್ದೆ, ಹೊಡೆದು ಹಾಕಿ, ಊರು ಬಿಟ್ರೆ ಹಕ್ಕು ಬಿಟ್ಟ ಹಾಗಲ್ಲ' ಅಂದ್ರು. ನಾನು ಪರದೆ ಹಿಂದೆ ಉಣ್ಣೆ ನೂಲ್ತಾ ಕೇಳಿಸ್ಕೊಂಡೆ. ಎಲ್ಲರೂ ಆ ಸಾಲು ಹೊಡೆದು ಹಾಕಿದ್ರು. ನಿಮ್ಮ ಪ್ರತೀಲಿ ಯಾಕೆ ಹಾಗೇ ಇದೆ?"

"ಅಜ್ಜಿ, ಪಟ್ಟೀಲಿ ನಮ್ಮ ಹಮ್ದೀಸ ಗುರುಗಳ ಹೆಸರಿದೆ," ಎಂದ ಸಮಜೂನ್. "ನಿಮ್ಮ ಹೆಸರು ಎಲ್ಲಿದೆ ತೋರಿಸಿ."

"ಪರದೆ ಹಿಂದೆ ಬೆಕ್ಕೂ ಇತ್ತೇನೋ, ಅದರ ಹೆಸರೂ ಹುಡುಕೋ," ಎಂದ ಪಕ್ಕದವನು. ಎಲ್ಲರೂ ನಕ್ಕರು.

ಅವಳು ಹದಿನಾಲ್ಕೂ ಭಾಗ ಕೇಳಿದ್ದಳು. ನಮಗೆಲ್ಲ ಗೊತ್ತಿತ್ತು. ಬರೆಯದೆ ಬಿಟ್ಟವನು ನಾನು. ಬರೆಯಬೇಕೆಂದು ಹೊಳೆದೇ ಇರಲಿಲ್ಲ.

"ಆವತ್ತು ನೀವು ಬಂದಿರ್ಲಿಲ್ಲ, ಅಲ್ವಾ ಅಣ್ಣ?" ಎಂದಳು, ಮೆಲ್ಲಗೆ.

"ಬಂದಿದ್ದೆ," ಎಂದೆ.

ಅವಳು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದಳು. ಸಮಜೂನ್ ಓದು ಮುಗಿಸಿ ಆ ದಿನದ ಪಟ್ಟಿ ಬರೆದ: ಇವರು ಹಮ್ದೀಸರಿಂದ ಕೇಳಿದರು, ಹಮ್ದೀಸರು ಖಲ್ಫೂನರಿಂದ ಕೇಳಿದರು. ರುಜುವಿಗೆ ಲೇಖನಿ ಕೊಟ್ಟ. ಅದನ್ನು ಕೆಳಗಿಟ್ಟೆ.

"ನಾನು ಕೇಳಿಲ್ಲ."

"ಏನು ಕೇಳಿಲ್ಲ ಗುರುಗಳೇ?"

"ಈ ಭಾಗ. ಹಮಾಮಿನಲ್ಲಿದ್ದೆ. ಆ ಹೆಣ್ಣುಮಗಳು ಹೇಳಿದ್ದೇ ನಿಜ."

ಯಾರೂ ನಗಲಿಲ್ಲ. ಸಮಜೂನ್ ನೀರು ತರಿಸಿ, ಮೂರು ತಿಂಗಳಿಂದ ಬರೆದಿದ್ದ ಚರ್ಮದ ಹಾಳೆಗಳನ್ನು ನನ್ನೆದುರೇ ಒಂದೊಂದಾಗಿ ತೊಳೆದು ಅಕ್ಷರ ಅಳಿಸಿದ.

"ಉಳಿದ ಹದಿಮೂರು ನಾನು ಕೇಳಿದ್ದೇನಪ್ಪ."

"ಕೇಳಿರಬಹುದು. ಹೇಗೆ ನಂಬ್ಲಿ?" ಎಂದ.

ಮಾರನೆಯ ಬೆಳಿಗ್ಗೆ ಕಾಜಿಯ ಬಳಿ ಹೋಗಿ, ಮಹರಿಯಾ ಎಲ್ಲ ಭಾಗಗಳನ್ನೂ ಕೇಳಿದವಳೆಂದು ಸಾಕ್ಷಿ ಹೇಳಿದೆ.

"ಮೊನ್ನೆ ಬಂದಿದ್ರೆ ನಿಮ್ಮ ಒಂದು ಮಾತು ಸಾಕಿತ್ತು," ಎಂದರು ಕಾಜಿ. "ಸುಳ್ಳು ಪಟ್ಟಿ ಬರೆದೋರ ಸಾಕ್ಷಿ ಮೇಲೆ ಆಕೆ ಹೆಸರು ಹೇಗೆ ಸೇರಿಸ್ಲಿ? ಕೊಟ್ಟ ತೀರ್ಪು ಹೇಗೆ ತಿರುಗಿಸ್ಲಿ? ನೀವೇ ಹೇಳಿ, ಶಾಸ್ತ್ರ ಓದಿದೋರು."

ಶಾಸ್ತ್ರ ಅವರ ಕಡೆಗೇ ಇತ್ತು. ನಾನೇ ಅದನ್ನು ಪಾಠ ಮಾಡಿದ್ದೆ.

ಮಹರಿಯಾಳ ಬಾಗಿಲು ತಟ್ಟಿದೆ. ತೆರೆಯಲಿಲ್ಲ. "ಹೋಗಿ ಅಣ್ಣ," ಎಂದಳು ಒಳಗಿನಿಂದ. "ನೀರಿಗೆ ಹೋಗ್ಬೇಕು, ಈಗ ದೂರ."

ಮನೆಗೆ ಬಂದು, ಊರು ಬಿಟ್ಟವರ ಬಾವಿಯ ಬಗ್ಗೆ ನಾನು ಬರೆದುಕೊಟ್ಟಿದ್ದ ಅಭಿಪ್ರಾಯಗಳ ಪ್ರತಿ ತೆಗೆದು ಎಣಿಸಿದೆ. ಹೋದದ್ದು ಗುರುಗಳ ಹದಿನಾಲ್ಕು ಭಾಗಗಳು, ಹನ್ನೆರಡು ಮನೆಗಳ ನೀರು.