ಕಸ್ತೂರೆವ್ವನ ಮಾಳಿಗೆಯ ಕೆಂಪು ಗಾಜು

ಕಬ್ಬೂರಿನಲ್ಲಿ ಕರೆಂಟು ಹೇಳಿ ಬರುವುದಿಲ್ಲ, ಹೇಳಿ ಹೋಗುವುದೂ ಇಲ್ಲ. ಆದರೂ ಕಸ್ತೂರೆವ್ವನ ಹೊಲಿಗೆ ಮಷೀನು ಒಂದು ದಿನವೂ ನಿಂತಿರಲಿಲ್ಲ. ಮಾಳಿಗೆಯ ಮೇಲೆ ಸೋಲಾರ್ ಪ್ಲೇಟಿತ್ತು, ಕೆಳಗೆ ಬ್ಯಾಟರಿಯಿತ್ತು.

ಹೋದ ತಿಂಗಳು ಟೆಂಪೋದಲ್ಲಿ ಒಬ್ಬ ಏಜೆಂಟ್ ಬಂದ. ಕೆಂಪು ಗಾಜೊಂದನ್ನು ಎತ್ತಿ ಹಿಡಿದ.

"ಇದು ಬಣ್ಣದ ಸೋಲಾರ್ ನೋಡ್ರಿ ಅಕ್ಕಾರ. ಒಳಗ ಕಾರ್ಬನ್ ನ್ಯಾನೊಟ್ಯೂಬ್ ಐತಿ. ನೆರಳಿನ್ಯಾಗೂ ಡಬಲ್ ಕರೆಂಟ್! ಹಳೇ ಪ್ಲೇಟ್ ಕೊಡ್ರಿ, ಇದನ್ನ ಪುಕ್ಕಟ ಕೂಡಸ್ತೀನಿ."

ಇಸ್ತ್ರಿ ಅಂಗಿ, ಓದಿದವನ ಮಾತು. ಕಸ್ತೂರೆವ್ವ ನಂಬಿ ಹಳೆಯ ಪ್ಲೇಟು ಕೊಟ್ಟು ಗಾಜು ಕೂಡಿಸಿಕೊಂಡಳು. ಬ್ಯಾಟರಿಯಲ್ಲಿ ಉಳಿದದ್ದರಿಂದ ಮಷೀನು ಮೂರು ದಿನ ಓಡಿತು, ನಾಲ್ಕನೆಯ ದಿನ ನಿಂತಿತು. ಏಜೆಂಟನ ಫೋನು ಹತ್ತಲಿಲ್ಲ. ನಾಲ್ಕು ಮಂದಿ ನಕ್ಕಾರೆಂದು ಅವಳು ಯಾರ ಮುಂದೂ ಬಾಯಿ ಬಿಡಲಿಲ್ಲ.

ಪಕ್ಕದ ಮನೆಯ ತವನಪ್ಪನ ಮಗಳು ತ್ರಿಶಲಾ ಕಾಲೇಜಿನ ಲ್ಯಾಬಿನಲ್ಲಿ ಇಂಥ ಬಣ್ಣದ ಸೋಲಾರ್ ಸೆಲ್ಲುಗಳ ಮೇಲೆಯೇ ಸಂಶೋಧನೆ ಮಾಡುತ್ತಾಳೆ. ರಜೆಗೆ ಬಂದವಳು ಜಂಪರು ಹೊಲಿಸಲು ಬಂದು, ಸುಮ್ಮನೆ ಕುಳಿತ ಮಷೀನು ನೋಡಿ ಕೇಳಿದಳು. ಕಸ್ತೂರೆವ್ವ ತಡೆಯಲಾರದೆ ಹೇಳಿಬಿಟ್ಟಳು. ಇಬ್ಬರೂ ಮಾಳಿಗೆ ಹತ್ತಿದರು. ಸುಡು ಬಿಸಿಲಿನಲ್ಲಿ ತ್ರಿಶಲಾ ಮನೆಯಿಂದ ತಂದ ಕರೆಂಟ್ ಅಳೆಯುವ ಮೀಟರನ್ನು ಗಾಜಿನ ವಾಯರಿಗೆ ಹಚ್ಚಿದಳು. ಸೊನ್ನೆ.

"ಕಾಕು, ಇದು ಬಣ್ಣ ಬಳದ ಕಿಡಕಿ ಗಾಜು!"

"ಹಂಗಾರ ಆ ನ್ಯಾನೊ-ಗೀನೊ ಎಲ್ಲಾ ಸುಳ್ಳೇನ? ನಿಮ್ಮ ವಿಜ್ಞಾನಕ್ಕ ಬೆಂಕಿ ಹತ್ತಲಿ!"

"ಸುಳ್ಳಲ್ಲ ಕಾಕು, ನನಗ ಸಿಟ್ಟು ಬಂದಿರೂದು ಅದಕ್ಕ. ಖರೇ ಸೆಲ್ಲಿನ್ಯಾಗ ಎರಡು ಗಾಜಿನ ನಡುವಿನ ಬಣ್ಣ ಬೆಳಕು ಹೀರಿ ಕರೆಂಟ್ ಕೊಡತೈತಿ. ಒಂದು ಗಾಜಿಗೆ ಪ್ಲಾಟಿನಂ ಲೇಪಿಸಬೇಕು, ಅದು ಬಾಳ ತುಟ್ಟಿ. ಅದರ ಬದಲಿ ಕರೆಂಟ್ ಹಾಯೂ ಪ್ಲಾಸ್ಟಿಕ್ಕು, ಕೂದಲಕ್ಕಿಂತ ಸಾವಿರಾರು ಪಟ್ಟು ಸಣ್ಣ ಇಂಗಾಲದ ನಳಿಗಿ, ಅಂದ್ರ ಆ ನ್ಯಾನೊಟ್ಯೂಬ್, ಹಚ್ಚಿ ನೋಡಾಕತ್ತೀವಿ. ನಮ್ಮ ಸೆಲ್ಲು ಉಗುರಿನಷ್ಟು ಐತಿ. ನಾಕು ಜೋಡಿಸಿದ್ರ ಒಂದು ಸಣ್ಣ ಗಡಿಯಾರ ನಡೀತೈತಿ, ನಿಮ್ಮ ಮಷೀನ್ ನಡಿಯಾಂಗಿಲ್ಲ. ಅಂವಾ ನಿಮ್ಮ ಪ್ಲೇಟೂ ಕದ್ದಾನ, ನಮ್ಮ ದುಡಿಮಿ ಹೆಸರೂ ಕದ್ದಾನ."

ಅಷ್ಟರಲ್ಲಿ ಮೂರು ಮನೆ ಆಚೆ ಅದೇ ಟೆಂಪೋ ಕಂಡಿತು. ಅದೇ ಏಜೆಂಟ್ ಆ ಮನೆಯ ಸೋನಾಬಾಯಿಯ ಮಾಳಿಗೆಯ ಮೇಲೆ ಪ್ಲೇಟಿನ ಬೋಲ್ಟು ಬಿಚ್ಚುತ್ತಿದ್ದ. ಕಸ್ತೂರೆವ್ವನ ನಾಚಿಕೆ ಅಲ್ಲೇ ಸುಟ್ಟುಹೋಯಿತು.

"ಸೋನಾಬಾಯಿ, ಪ್ಲೇಟ್ ಬಿಡಬ್ಯಾಡ! ಅಂವಾ ನನಗ ಮೋಸ ಮಾಡ್ಯಾನ!"

ಓಣಿಗೆ ಓಣಿಯೇ ಹೊರಬಂತು. ಏಜೆಂಟ್ ಕೆಳಗಿಳಿದು ನಕ್ಕ. "ಓದಲಾರದವ್ರಿಗೆ ಇದು ತಿಳಿಯೂದಿಲ್ರಿ."

ಓಡಿಬಂದ ಕಸ್ತೂರೆವ್ವ ತ್ರಿಶಲಾಳ ಮೀಟರನ್ನು ಅವನ ಮುಂದೆ ಹಿಡಿದಳು. "ತಿಳಿಯೂದಿಲ್ಲಾ? ಹಂಗಾರ ತೋರಸು. ನಿನ್ನ ಗಾಜಿಗೆ ಬಿಸಲಾಗ ಈ ಮೀಟರ್ ಹಚ್ಚು!"

ಅವನು ಮೀಟರ್ ಮುಟ್ಟದೆ ಟೆಂಪೋದ ಕಡೆ ಓಡಿದ. ಹೆಂಗಸರು ಅಡ್ಡ ನಿಂತರು. ಪೊಲೀಸರು ಬಂದಾಗ ಟೆಂಪೋದಲ್ಲಿ ಒಂಬತ್ತು ಪ್ಲೇಟು ಸಿಕ್ಕವು. ಕಸ್ತೂರೆವ್ವನದು ಅದರಲ್ಲಿ ಇರಲಿಲ್ಲ, ಇನ್ನೂ ಸಿಕ್ಕಿಲ್ಲ. ಅವಳ ಮಷೀನು ಈಗ ಸೋನಾಬಾಯಿಯ ಪಡಸಾಲೆಯಲ್ಲಿ, ಅಂದು ಉಳಿದ ಆ ಪ್ಲೇಟಿನ ಕರೆಂಟಿನಿಂದ ಓಡುತ್ತಿದೆ.

ಅಕ್ಕಂದಿರೇ, ಅಣ್ಣಂದಿರೇ, ಹೊಸ ವಿಜ್ಞಾನಕ್ಕೆ ಹೆದರಬೇಡಿ, ಅದರ ಹೆಸರು ಹೇಳಿದವರನ್ನೆಲ್ಲ ನಂಬಲೂಬೇಡಿ. ನಿಮ್ಮ ಅಂಗಳದ ಬಿಸಿಲಿನಲ್ಲಿ, ನಿಮ್ಮ ಕಣ್ಣೆದುರು ಮೀಟರ್ ಹಚ್ಚಿ ತೋರಿಸುವ ತನಕ ಹಳೆಯ ಪ್ಲೇಟು ಇಳಿಸಬೇಡಿ. ವಿಳಾಸವಿರುವ ರಸೀದಿ ಕೇಳಿ. ಮೋಸ ಹೋಗಿದ್ದರೆ ನಾಚಬೇಡಿ, ಇಂದೇ ಠಾಣೆಗೆ ಹೋಗಿ. ನಾಚಬೇಕಾದವನು ಕದ್ದವನು, ನೀವಲ್ಲ.