ಡ್ಯೂಕನಿಗೆ ಮುಂದಿನ ಕೋಣೆ

ಆ ಬೀದಿಯ ಪ್ರತಿ ಮನೆಗೂ ಬೀದಿಗೆ ಕಿಟಕಿಯಿದ್ದ ಒಂದು ಮುಂದಿನ ಕೋಣೆ ಇತ್ತು, ಯಾವ ಮನೆಯಲ್ಲೂ ಅದರಲ್ಲಿ ಯಾರೂ ಕೂರುತ್ತಿರಲಿಲ್ಲ. ಪಾದ್ರಿಗಳು ಚಹಾಕ್ಕೆ ಬಂದರೆ, ಕ್ರಿಸ್‌ಮಸ್ ಬಂದರೆ, ಇಲ್ಲವೇ ಮನೆಯಲ್ಲಿ ಸಾವಾದರೆ ಮಾತ್ರ ಅದರ ಬಾಗಿಲು ತೆರೆಯುವುದು. ಬೇರೆ ದಿನ ಅಲ್ಲಿ ಹಗಲು ದೀಪ ಕಂಡರೆ ಯಾರೋ ಹೋದರೆಂದೇ ಲೆಕ್ಕ. ಮಿಕ್ಕಂತೆ ಹೋಗುವವರು ಬರುವವರು ಎಲ್ಲರೂ ಹಿತ್ತಲ ಬಾಗಿಲಿಂದ ನೇರ ಅಡುಗೆಮನೆಗೆ. ಲ್ಯಾಂಕಶೈರಿನ ಆ ಊರಿನಲ್ಲಿ ಹತ್ತಿ ಗಿರಣಿಗಳೆಲ್ಲ ಮುಚ್ಚಿಹೋದರೂ ಈ ಪದ್ಧತಿ ಮಾತ್ರ ಜಪ್ಪಯ್ಯ ಅಂದರೂ ಅಲುಗಿರಲಿಲ್ಲ.

ಮೇವಿಸ್ ಹಾಲ್ಡನ್ನಳ ಮುಂದಿನ ಕೋಣೆಯಂತೂ ಬೀದಿಗೇ ಮೇಲು. ಅವಳ ತಾಯಿಯ ಮಹಾಗನಿ ಊಟದ ಮೇಜು ಅಲ್ಲಿ ಮುಖ ನೋಡಿಕೊಳ್ಳುವ ಹಾಗೆ ಹೊಳೆಯುತ್ತಿತ್ತು. ಅದರ ಮೇಲೆ ಬಿಸಿ ಚಹಾದ ಕಪ್ಪು ಇಟ್ಟವರು ಯಾರೂ ಬದುಕಿ ಉಳಿದಿಲ್ಲ ಎಂದು, ಹೆಂಡತಿ ತೀರಿಕೊಂಡ ಮೇಲೆ ಅಕ್ಕನ ಜೊತೆಗೇ ಇದ್ದ ತಮ್ಮ ಕ್ಲಿಫರ್ಡ್ ಹೇಳುತ್ತಿದ್ದ.

ಚಳಿಗಾಲ ಶುರುವಾಗುವ ಹೊತ್ತಿಗೆ ಡ್ಯೂಕನಿಗೆ ಕಾಯಿಲೆಯಾಯಿತು. ಡ್ಯೂಕ್ ಎಂದರೆ ಆಮೆ. ಮೇವಿಸ್ ಶಾಲೆಗೆ ಸೇರಿದ ವರ್ಷ ಅಪ್ಪ ಸಂತೆಯಿಂದ ಕೋಟಿನ ಜೇಬಿನಲ್ಲಿ ಇಟ್ಟುಕೊಂಡು ತಂದದ್ದು. ಆಮೇಲೆ ಅದು ಮೊಟ್ಟೆಯಿಟ್ಟು ತಾನು ಹೆಣ್ಣೆಂದು ತಿಳಿಸಿದರೂ ಹೆಸರು ಬದಲಾಗಲಿಲ್ಲ. ಪ್ರತಿ ಚಳಿಗಾಲ ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ನಿದ್ದೆ ಹೋಗಿ ವಸಂತಕ್ಕೆ ಏಳುತ್ತಿದ್ದ ಪ್ರಾಣಿ, ಈ ಸಲ ಮೂಗು ಸೋರಿಸಿಕೊಂಡು ಬಡಕಲಾಗಿತ್ತು. ಮಲಗಿಸಿದರೆ ಮತ್ತೆ ಏಳುವುದಿಲ್ಲ, ಮನೆಯೊಳಗೆ ಬೆಚ್ಚಗಿಟ್ಟು ಉಣಿಸಿದರೆ ಉಳಿದೀತು ಎಂದು ಪಶುವೈದ್ಯೆ ಕಡ್ಡಿ ಮುರಿದಂತೆ ಹೇಳಿದಳು.

ಮೇವಿಸ್ ಗಾಜಿನ ತೊಟ್ಟಿಯೊಂದನ್ನೂ ಅದರ ತಳಕ್ಕೆ ಹಾಸುವ ಕರೆಂಟಿನ ಬಿಸಿಚಾಪೆಯನ್ನೂ ತಂದು ಅಡುಗೆಮನೆಯಲ್ಲಿ ಇಟ್ಟಳು. ಗಾಜೆಂದರೇನೆಂದು ಆಮೆಗೆ ಏನು ಗೊತ್ತು, ಅದು ತೊಟ್ಟಿಯ ಗೋಡೆಗೆ ತಲೆ ಒತ್ತಿಕೊಂಡು ಕಾಲು ಕೆದರುತ್ತಲೇ ಇತ್ತು. ಹಿತ್ತಲ ಬಾಗಿಲು ತೆರೆದಾಗಲೆಲ್ಲ ಕೊರೆಯುವ ಗಾಳಿ ನುಗ್ಗುತ್ತಿತ್ತು. ಆಮೆಗೆ ಶಾಖವೆಂದರೆ ಮೇಲಿಂದ ಬೀಳುವ ಬಿಸಿಲು, ಕೆಳಗಿಂದ ಹೊಟ್ಟೆ ಸುಟ್ಟರೂ ಅದಕ್ಕೆ ತಿಳಿಯುವುದಿಲ್ಲ ಎಂದು ವೈದ್ಯೆ ಬೈದಳು. ಗಾಳಿ ಬೀಸದ ಕಡೆ, ಮೇಲೆ ತೆರೆದಿರುವ ಅಗಲವಾದ ಮರದ ಮನೆ ಬೇಕು. ಒಂದು ಕೊನೆಗೆ ಶಾಖ ಕೊಡುವ ದೀಪ, ಇನ್ನೊಂದು ಕೊನೆಗೆ ತಂಪು ಎಂದಳು. ಅಷ್ಟರಲ್ಲಿ ಡ್ಯೂಕ್ ಸೊಪ್ಪು ಮುಟ್ಟುವುದನ್ನೇ ಬಿಟ್ಟಿತ್ತು.

"ಹಟ ಬಿಡು ಮೇವಿಸ್, ಆಮೆ ಸಾಕೋರ ಹತ್ರ ಕೊಟ್ಟುಬಿಡು," ಎಂದ ಕ್ಲಿಫರ್ಡ್. "ಈ ಮನೇಲಿ ಗಾಳಿ ನುಗ್ಗದ ಜಾಗ ಒಂದೇ ಒಂದು. ಅಲ್ಲಿಗೆ ನೀನು ನನ್ನೇ ಬಿಡಲ್ಲ."

ಮಾತು ನಾಟಿತು. ಮೇವಿಸ್ ಎದ್ದುಹೋಗಿ ಮುಂದಿನ ಕೋಣೆಯ ಬಾಗಿಲು ತೆರೆದು ನಿಂತಳು. ಗೋಡೆಯ ಮೇಲಿದ್ದ ಅಮ್ಮನ ಫೋಟೋದ ಕಡೆ ಮಾತ್ರ ನೋಡಲಿಲ್ಲ.

"ಬಾ ಇಲ್ಲಿ, ಮೇಜು ಹಿಡ್ಕೋ. ತಲೆಕೆಳಗು ಮಾಡೋಣ."

"ಅಮ್ಮನ ಮೇಜು ಕಣೇ ಇದು."

"ಅಮ್ಮ ಹೋಗಿ ಎಷ್ಟು ಕಾಲ ಆಯ್ತು. ಡ್ಯೂಕ್ ಇನ್ನೂ ಇದೆ. ಹಿಡ್ಕೋ."

ಮೇಜಿನ ನಾಲ್ಕು ಕಾಲೂ ಆಕಾಶ ನೋಡಿದವು. ಕ್ಲಿಫರ್ಡ್ ಗೊಣಗುತ್ತಲೇ ಕಾಲಿಂದ ಕಾಲಿಗೆ ಸುತ್ತಲೂ ಹಲಗೆ ಹೊಡೆದ. ಮೇವಿಸ್ ಒಳಗೆ ಮಣ್ಣು ಸುರಿದು, ಒಂದು ಮೂಲೆಗೆ ಒಡೆದ ಹೂಕುಂಡ ಬೋರಲು ಹಾಕಿ ನೆರಳು ಮಾಡಿದಳು. ಎರಡು ಕಾಲುಗಳ ನಡುವೆ ಪಟ್ಟಿ ಬಿಗಿದು ದೀಪ ನೇತುಹಾಕಿದರು. ಬಿಸಿಲು ಬರಲೆಂದು ಅವಳು ಪರದೆಯನ್ನೂ ಪೂರ್ತಿ ಸರಿಸಿದಳು.

ಮಾರನೆಯ ದಿನ ಮುಂಬಾಗಿಲು ಬಡಿದ ಸದ್ದಾಯಿತು. ಎದುರು ಮನೆಯ ಮಿಸೆಸ್ ಎಂಟ್ವಿಸಲ್ ಕಪ್ಪು ಟೋಪಿ ಹಾಕಿಕೊಂಡು, ಕೈಯಲ್ಲಿ ಮಾಂಸದ ಪೈ ಹಿಡಿದು, ಮುಖ ಜೋಲು ಮಾಡಿಕೊಂಡು ನಿಂತಿದ್ದಳು. ಹಗಲು ದೀಪ ಕಂಡಿತ್ತು, ಕಿಟಕಿಯಲ್ಲಿ ಮೇವಿಸ್ ಓಡಾಡಿದ್ದೂ ಕಂಡಿತ್ತು. ಅಂದಮೇಲೆ ಹೋದವನು ಕ್ಲಿಫರ್ಡೇ ಇರಬೇಕು. ಬಾಗಿಲು ತೆರೆದವನೂ ಅವನೇ.

"ನಾನು ಸತ್ತಿಲ್ಲ ಅಂತ ಪೈ ವಾಪಸ್ ತಗೊಂಡು ಹೋಗ್ಬೇಡಿ," ಎಂದ.

ಸಂಜೆಯೊಳಗೆ ಸುದ್ದಿ ಬೀದಿಯೆಲ್ಲ ಸುತ್ತಿ ಬಂತು. ಮಹಾಗನಿ ಮೇಜಿಗೆ ಮಣ್ಣು ತುಂಬಿದ ಮೇವಿಸಳ ತಲೆ ಕೆಟ್ಟಿದೆ ಎಂದರು. ಅವಳು ಪರದೆ ಎಳೆಯಲಿಲ್ಲ. ನೋಡುವವರು ನೋಡಲಿ, ತನ್ನ ಮನೆಯಲ್ಲಿ ಬದುಕಿರುವವರಿಗೇ ಮೊದಲ ಮರ್ಯಾದೆ ಎಂದು ಕತ್ತು ನೆಟ್ಟಗೆ ಮಾಡಿಕೊಂಡೇ ಅಂಗಡಿಗೆ ಹೋಗಿಬಂದಳು. ಒಳಗೊಳಗೇ ಮಾತ್ರ ಹೆದರಿಕೆ ಕೊರೆಯುತ್ತಿತ್ತು. ಡ್ಯೂಕ್ ದೀಪದಡಿ ಕಲ್ಲಿನಂತೆ ಕೂತಿತ್ತು, ಸೊಪ್ಪು ಒಣಗುತ್ತಿತ್ತು.

ಭಾನುವಾರ ಬೆಳಿಗ್ಗೆ ಅವಳು ಹೊಸ ಸೊಪ್ಪು ಹಿಡಿದು ಬಗ್ಗಿದಾಗ ಡ್ಯೂಕ್ ಕತ್ತು ಚಾಚಿತು. ಎಲೆಯನ್ನು ದಿಟ್ಟಿಸಿತು, ಬಾಯಿ ತೆರೆದು ಕಚ್ಚಿ ಎಳೆಯಿತು. ಮೇವಿಸಳ ಕಣ್ಣು ತುಂಬಿತು. ಇನ್ನೊಂದು ಎಲೆ, ಮತ್ತೊಂದು.

ಕಿಟಕಿಯಾಚೆ ಗುಸುಗುಸು ಕೇಳಿ ತಲೆಯೆತ್ತಿದಳು. ಕ್ಲಿಫರ್ಡ್ ತನ್ನ ಕ್ಲಬ್ಬಿನ ಗೆಳೆಯರನ್ನೆಲ್ಲ ಕರೆತಂದು ಗಾಜಿಗೆ ಮೂಗು ಒತ್ತಿಸಿ ನಿಲ್ಲಿಸಿದ್ದ. ಬೀದಿಗೇ ಕೇಳುವ ಹಾಗೆ ಹೇಳುತ್ತಿದ್ದ:

"ನಮ್ಮಮ್ಮನ ಮೇಜು ಅದು. ಹುಟ್ಟಿದಾಗಿಂದ ಅದರಲ್ಲಿ ಒಬ್ರೂ ಹೊಟ್ಟೆ ತುಂಬ ಉಂಡಿದ್ದು ನಾನು ನೋಡಿಲ್ಲ. ನಮ್ಮ ಮೇವಿಸ್ ಉಣ್ಣಿಸಿದ್ಲು ನೋಡ್ರೋ."

ಮೇವಿಸ್ ಏಪ್ರನ್ನಿಗೆ ಕೈಯ ಮಣ್ಣು ಒರೆಸಿಕೊಂಡಳು. ಅಮ್ಮನ ಫೋಟೋವನ್ನು ಈಗ ನೇರವಾಗಿ ನೋಡಿದಳು. ಪಾದ್ರಿಗಳೂ ಇಲ್ಲದ, ಹೆಣವೂ ಇಲ್ಲದ ಬರೀ ಒಂದು ಭಾನುವಾರದ ದಿನ, ಹೋಗಿ ಮುಂಬಾಗಿಲನ್ನು ಅಗಲವಾಗಿ ತೆರೆದಳು.

"ಕಾಲು ಒರೆಸ್ಕೊಂಡು ಒಳಗೆ ಬನ್ನಿ," ಎಂದಳು.